ಮೇರಿ ಮಾತೆಗೆ ಉಡಿ

ಗೆಳೆಯರೇ, ಇಂದಿನ ಜಗಳ ಕೇಳಿ. ಹುಮನಾಬಾದಿನ ನಮ್ಮ ಮಿಷನ್ ಕಾಲೇಜಿನ ಅಂಗಳದಲ್ಲಿ ಮೇರಿ ಮಾತೆಯ ಕಲ್ಲಿನ ಪ್ರತಿಮೆ ಇದೆಯಲ್ಲ, ಕಸ ಗುಡಿಸುವ ಘಾಟಬೋರಾಳದ ಶಾಂತವ್ವ ಅದರ ಪಾದದ ಬಳಿ ಹಸಿರು ರವಿಕೆ ಖಣ, ಅಕ್ಕಿ, ಕೊಬ್ಬರಿ ಇಟ್ಟು ಉಡಿ ತುಂಬಿದಳು. ಪ್ರಿನ್ಸಿಪಾಲ್ ಫಾದರ್ ಓಡಿ ಬಂದರು.

"ಇದು ನಮ್ಮ ಪದ್ಧತಿಯಲ್ಲ, ತೆಗೆಯಮ್ಮಾ."

"ಯಾಕ್ರಿ? ಕೂಸಿನ ಎತ್ಕೊಂಡು ನಿಂತಾಳ. ಬಾಣಂತಿಗಿ ಖಾಲಿ ಉಡಿಲೆ ನಿಲ್ಲಸ್ತಾರೇನ್ರಿ? ಮನ್ಯಾಗ ನನ್ನ ಮಗಳು ಮುಂಜಾನಿಂದ ಹೆರಿಗಿ ಬ್ಯಾನಿ ತಿನ್ನಾಕತ್ತಾಳ್ರಿ."

ಫಾದರ್ ಒಳಗೆ ಹೋದರು.

ಮಧ್ಯಾಹ್ನ ಗಾಳಿ ಎದ್ದಿತು. ಟೈಪ್‌ರೈಟರ್ ಬಿಟ್ಟು ನಾನು ಆಫೀಸಿನ ಕಿಟಕಿಗೆ ಬಂದರೆ, ಅದೇ ಫಾದರ್ ಖಣ ಹಾರದಂತೆ ಮೇಲೊಂದು ಕಲ್ಲು ಇಡುತ್ತಿದ್ದರು.

"ತೆಗೆಸಲಿಲ್ಲೇನ್ರಿ ಫಾದರ್?" ಎಂದೆ.

"ಮೊದಲು ಹೆರಿಗೆಯಾಗಲಿ."

ಒಟ್ಟಿನಲ್ಲಿ, ನಮ್ಮ ಕಾಲೇಜಿನಲ್ಲಿ ಪದ್ಧತಿಗೂ ಹೆರಿಗೆ ರಜೆ ಸಿಗುತ್ತದೆ.