ಕಲ್ಲಿನಾಥರು ಕೊಟ್ಟುಬಿಟ್ಟ ಪದಕ

ಆಕಾಶಕ್ಕೆ ಏರಿದವರ ಹೆಸರನ್ನು ಊರೆಲ್ಲ ಕೊಂಡಾಡುತ್ತದೆ. ಏರಿಸಲು ನೆಲದ ಮೇಲೆ ನಿಂತವರ ಕೆಲಸವೇನೆಂದು ಅವರ ಮನೆಯವರೂ ನೆಟ್ಟಗೆ ಹೇಳಲಾರರು. ಸಮುದ್ರ ತೀರದ ಉಡಾವಣಾ ಕೇಂದ್ರವೊಂದರಲ್ಲಿ ಮೂವತ್ನಾಲ್ಕು ವರ್ಷ ಫಿಟ್ಟರ್ ಆಗಿ ದುಡಿದು ಈಗ ನಿವೃತ್ತರಾಗಿರುವ, ಜೇವರ್ಗಿ ತಾಲ್ಲೂಕಿನ ನೆಲೋಗಿಯ ಶ್ರೀ ಕಲ್ಲಿನಾಥರು ಅಂಥ ನೆಲದ ಮಂದಿಯಲ್ಲಿ ಅಗ್ರಗಣ್ಯರು.

ರಾಕೆಟ್ ಜೋಡಿಸುವಲ್ಲಿ ಒಂದು ಕಟ್ಟುನಿಟ್ಟು ಉಂಟು. ಗೋಡೆಯ ಹಲಗೆಯ ಮೇಲೆ ಪ್ರತಿಯೊಂದು ಉಪಕರಣದ ಆಕಾರ ಬರೆದಿರುತ್ತದೆ. ಕೆಲಸ ಮುಗಿದ ಮೇಲೆ ಯಾವ ಜಾಗವೂ ಖಾಲಿ ಇಲ್ಲವೆಂದು ನೋಡಿ ಸಹಿ ಹಾಕದ ಹೊರತು ರಾಕೆಟ್ಟಿನ ಬಾಗಿಲು ಮುಚ್ಚುವಂತಿಲ್ಲ. ಈ ಪಾಠವನ್ನು ಕಿರಿಯರಿಗೆ ಬೈದು, ಚಹಾ ಕುಡಿಸಿ, ಮತ್ತೆ ಬೈದು ಕಲಿಸಿದವರು ಕಲ್ಲಿನಾಥರೇ. ಅಂಥವರೇ ಹನ್ನೆರಡು ವರ್ಷಗಳ ಹಿಂದೊಮ್ಮೆ, ಜ್ವರದಲ್ಲಿ ಮಲಗಿದ್ದ ಮಗಳ ಚಿಂತೆಯಲ್ಲಿ, ಹಲಗೆಯತ್ತ ಕಣ್ಣೆತ್ತದೆ ಸಹಿ ಹಾಕಿಬಿಟ್ಟರು. ನಡೆಯುವವರು ಎಡವದೆ ಕುಳಿತವರು ಎಡವುತ್ತಾರೆಯೇ!

ನೆಲ ಒರೆಸುತ್ತಿದ್ದ ಗುತ್ತಿಗೆ ಕೆಲಸದ ಬಾನುಬಿ, ಅಫಜಲಪುರ ತಾಲ್ಲೂಕಿನ ಅತನೂರಿನವರು, ಓಡಿ ಬಂದರು. “ಅಣ್ಣಾರ, ಬಾಗಲಾ ಹಾಕಬ್ಯಾಡ್ರಿ, ಹಲಗಿ ಮ್ಯಾಲ ಒಂದು ಪಾನಾ ಕಾಣವಲ್ದು!” ನಟ್ಟು ಬಿಗಿಯುವ ಆ ಪಾನಾ ರಾಕೆಟ್ಟಿನೊಳಗೇ ಸಿಕ್ಕಿತು. ಬಾಗಿಲು ತಡೆದವರು ಕಲ್ಲಿನಾಥರೆಂದೇ ತಿಳಿದು ಮೇಲಧಿಕಾರಿಗಳು ಅವರ ಬೆನ್ನು ತಟ್ಟಿದರು. ನೌಕರಿ ಹೋದೀತೆಂಬ ಭಯಕ್ಕೆ ಅವರು ಬಾಯಿ ಬಿಡಲಿಲ್ಲ. ಮುಂದೆ ಬಾನುಬಿಯ ಮಗನ ಮದುವೆಗೆ ರಜೆ ಹಾಕಿ ಅತನೂರಿಗೆ ಹೋದರು, ಊಟ ಮಾಡಿ ಬಂದರು. ಹೇಳಬೇಕಾದ ಮಾತನ್ನು ಮಾತ್ರ ಹೊತ್ತುಕೊಂಡೇ ಮರಳಿದರು.

ಈ ವರ್ಷ ನೌಕರರ ಸಂಘವು ನೆಲದ ಕೆಲಸಗಾರರ ಗೌರವಾರ್ಥ ಹಿತ್ತಾಳೆಯ ಸ್ಮರಣ ಪದಕವನ್ನು ಹೊರತಂದಿತು. ಆ ದಿನದ ಎಚ್ಚರಕ್ಕಾಗಿ ಮೊದಲನೆಯದು ಕಲ್ಲಿನಾಥರಿಗೇ ಎಂದು ತೀರ್ಮಾನವಾಯಿತು. ಕಳೆದ ತಿಂಗಳು ಜೇವರ್ಗಿಯಲ್ಲಿ ನಡೆದ ಸಭೆಗೆ ಅವರು ಬಾನುಬಿಯನ್ನು ಮನೆಮಂದಿಯ ಸಮೇತ ಕರೆಸಿದರು. ಪದಕವನ್ನು ಕೊರಳಿಗೆ ಹಾಕಲು ಬಂದಾಗ ಕೈ ಅಡ್ಡ ಹಿಡಿದರು.

“ಖಾಲಿ ಜಾಗಾ ಕಂಡಾಕಿ ಈ ನಮ್ಮ ತಂಗಿ. ನೋಡದ ಸಹಿ ಹಾಕಿದಾಂವ ನಾನು. ಇಕಿಗೆ ಸಲ್ಲೂ ಶಾಬಾಸಿ ಹನ್ನೆರಡು ವರ್ಷ ನಾ ತಗೊಂಡೇನಿ. ಮಾಫ್ ಮಾಡ್ರಿ.”

ಇಷ್ಟು ವರ್ಷ ಗಳಿಸಿದ ಹೆಸರು ಒಂದೇ ಮಾತಿಗೆ ಮಣ್ಣುಪಾಲಾಯಿತೆಂದು ಶಿಷ್ಯಬಳಗ ತಲೆ ತಗ್ಗಿಸಿತು. ಬಾನುಬಿ ವೇದಿಕೆ ಹತ್ತಿದರು. ಕಲ್ಲಿನಾಥರು ತಾವೇ ಪದಕವನ್ನು ಅವರ ಕೈಗಿಟ್ಟರು.

“ಮನ್ಯಾಗ ಹೇಳಿದ್ದೆರಿ ಅಣ್ಣಾರ. ಯಾರೂ ನಂಬಲಿಲ್ಲ. ‘ರಾಕೆಟ್ ನಿಲ್ಸಿದಾಕಿ ಬಂದ್ಲು ನೋಡ್ರಿ’ ಅಂತ ನಗತಿದ್ರು,” ಎಂದ ಬಾನುಬಿ, ಕೆಳಗೆ ಕುಳಿತ ಸೊಸೆಯತ್ತ ತಿರುಗಿದರು. “ಈಗರ ಕೇಳಿದೆನ ಬೇ?”

ನೆಲೋಗಿಗೆ ಬರಿಗೈಯಲ್ಲಿ ಮರಳಿದ ಕಲ್ಲಿನಾಥರಿಗೆ ತುಂಬು ಆಯುಷ್ಯವೂ ಆರೋಗ್ಯವೂ ಒದಗಲಿ. ಜೇವರ್ಗಿಯ ಮಕ್ಕಳಿಗೆ ಫಿಟ್ಟರ್ ಕೆಲಸ ಕಲಿಸಲು ಹೊರಟಿರುವ ಅವರು, ಮೊದಲ ಪಾಠವಾಗಿ ತಮ್ಮ ತಪ್ಪನ್ನೇ ಹೇಳಲಿ.