ಕಂಡಕ್ಟರ್ ಸಿದ್ದರಾಯನೂ ಬಬಲೇಶ್ವರದ ಕಡೆಯ ಮೋಡವೂ

ತಿಕೋಟಾ ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯ ಬಾಕಿನ ಮೇಲೆ ಸಿದ್ದರಾಯ ಬಂದು ಕುಳಿತನೆಂದರೆ ಆಕಾಶದ ತಪಾಸಣೆ ಶುರುವಾಯಿತೆಂದೇ ಲೆಕ್ಕ. ನೌಕರಿಯಲ್ಲಿದ್ದಾಗ ಅವನು ವಿಜಯಪುರದ ಬಸ್ಸಿನ ಕಂಡಕ್ಟರ್. ಟಿಕೆಟ್ ಇಲ್ಲದವರನ್ನು ಮುಖ ನೋಡಿಯೇ ಹಿಡಿಯುತ್ತಿದ್ದ ಆ ಕಣ್ಣು ನಿವೃತ್ತಿಯ ನಂತರ ಮೋಡಗಳ ಮೇಲೆ ಬಿತ್ತು. ತೊರವಿಯ ಕಡೆ ಒಂದು ಬಿಳಿ ತುಣುಕು ಕಂಡರೂ ಸಾಕು, ಅದು ಎಲ್ಲಿ ಹತ್ತಿತು, ಎಲ್ಲಿ ಇಳಿಯುತ್ತದೆ, ತುಂಬಿದೆಯೋ ಖಾಲಿಯೋ ಎಂದು ಒಂದೇ ನೋಟದಲ್ಲಿ ತೀರ್ಪು ಕೊಡುವನು.

ಚೈತ್ರದಲ್ಲಿ ಈ ವಿದ್ಯೆಗೆ ಬೆಲೆ ಹೆಚ್ಚು. ಬೆಳಿಗ್ಗೆ ತಂಪು, ಮಧ್ಯಾಹ್ನ ಬೆಂಕಿ, ಸಂಜೆಗೆ ಹೇಳದೆ ಕೇಳದೆ ಗುಡುಗು. ಅದೇ ಹೊತ್ತಿಗೆ ಸುತ್ತಲಿನ ಶೆಡ್ಡುಗಳಲ್ಲಿ ದ್ರಾಕ್ಷಿ ಬಲೆಯ ಮೇಲೆ ಒಣಗುತ್ತಿರುತ್ತದೆ. ಬದಿಗೆ ಪರದೆಯಂತೆ ಕಟ್ಟಿದ ತಾಡಪತ್ರಿ ಎತ್ತಿಟ್ಟರೆ ಗಾಳಿಯಾಡಿ ಹೊಂಬಣ್ಣ ಬರುತ್ತದೆ. ಇಳಿಬಿಟ್ಟರೆ ಒಳಗೇ ಬೆವತು ಕಪ್ಪಾಗುತ್ತದೆ. ಎತ್ತಿಟ್ಟಾಗ ಅಡ್ಡಮಳೆ ಹೊಡೆಯಿತೋ, ವರ್ಷದ ಬೆಳೆ ಕೊಳೆತಂತೆ. ಹಾಗಾಗಿ ಶೆಡ್ಡಿನವರೆಲ್ಲ ಮುಂಜಾನೆ ಬಂದು, “ಕಾಕಾ, ಇವತ್ತ ಹೆಂಗರಿ?” ಎಂದು ಕೇಳಿಯೇ ತಾಡಪತ್ರಿಗೆ ಕೈ ಹಾಕುತ್ತಿದ್ದರು. ಆದಿಲಶಾಹಿ ಸುಲ್ತಾನರ ಮಾತಿಗೂ ಈ ಸೀಮೆ ಇಷ್ಟು ಕಿವಿಗೊಟ್ಟಿರಲಿಕ್ಕಿಲ್ಲ ಎಂಬುದು ಸಿದ್ದರಾಯನ ಖಾಸಗಿ ಅಭಿಪ್ರಾಯವಾಗಿತ್ತು.

ಒಂದು ದಿನ “ಮಳಿ ಬರ್ತೈತಿ” ಎಂದು ಘೋಷಿಸಿ, ತನ್ನ ಆಜ್ಞೆ ಹೇಗೆ ಪಾಲನೆಯಾಗುತ್ತಿದೆ ನೋಡೋಣವೆಂದು ಅವನು ಮುಂಜಾನೆ ಕೇಳಿ ಹೋಗಿದ್ದ ಗೊಲ್ಲಾಳಪ್ಪನ ಶೆಡ್ಡಿಗೆ ಹೋದ. ಶೆಡ್ಡಿನ ಆಚೆ ಬದಿಯಲ್ಲಿ ಗೊಲ್ಲಾಳಪ್ಪ ಅರಕೇರಿಯ ಶೆಡ್ಡಿನಲ್ಲಿದ್ದ ತಮ್ಮನಿಗೆ ಫೋನಿನಲ್ಲಿ ಹೇಳುತ್ತಿದ್ದ:

“ತಾಡಪತ್ರಿ ಎತ್ತಿಬಿಡೋ ಮಹಾದೇವ. ಕಾಕಾ ಮಳಿ ಅಂದಾನ, ಬಿಸಲ ಖಾತ್ರಿ. ಅಂವ ಹೇಳಿದ್ದು ಒಂದ ಸಲಾನೂ ಆಗಿಲ್ಲ. ಇಂಥಾ ಮನಷ್ಯಾ ಸಿಗಾಕ ಊರು ಪುಣ್ಯಾ ಮಾಡಿರಬೇಕ ನೋಡ.”

ಸಿದ್ದರಾಯ ಬಂದ ದಾರಿಯಲ್ಲೇ ತಿರುಗಿದ. ಮನೆಯ ಮಾಳಿಗೆಯ ಮೇಲೆ ಹೆಂಡತಿ ಸಾವಂತ್ರವ್ವ ಉರಿಬಿಸಿಲಲ್ಲಿ ಸಂಡಿಗೆ ಹಾಕುತ್ತಿದ್ದಳು.

“ನಾ ಮಳಿ ಅಂತ ಹೇಳಿ ಹೋಗೇನಿ. ನೀ ಸಂಡಿಗಿ ಹಾಕಾಕತ್ತಿ.”

“ನೀವು ಮಳಿ ಅಂದೀರಿ ಅಂತನ ಹಾಕಾಕತ್ತೇನ್ರಿ,” ಎಂದಳು ಅವಳು ತಲೆ ಎತ್ತದೆ. “ನೀವು ಬಿಸಲ ಅಂದ ದಿನಾ ಎಂದರ ಹಾಕೇನೇನು?”

“ಮತ್ತ ಇಷ್ಟ ದಿನಾ ನನಗ ಹೇಳಬಾರದಿತ್ತ?”

“ಹೇಳಿದ್ರ ನೀವು ಸುಧಾರಿಸಾಕ ಹೋಗ್ತಿದ್ರಿ. ಆಮ್ಯಾಲ ಸಂಡಿಗಿ ಗತಿ ಏನು?”

ಮರುದಿನ ಬಬಲೇಶ್ವರದ ಕಡೆ ಒಂದು ಮೋಡ ಎದ್ದಿತು. ಹೊಟ್ಟೆ ಕಪ್ಪು, ಅಂಚು ಬಿಳಿ, ಗಾಳಿ ಗಪ್ಪು. ಸಿದ್ದರಾಯನ ಕಣ್ಣಿಗೆ ಅದು ಮಳೆಯೇ. ಗೊಲ್ಲಾಳಪ್ಪ ಬಂದು ನಿಂತ. ಅವನ ಶೆಡ್ಡು ತುದಿಯವರೆಗೆ ತುಂಬಿತ್ತು.

ಮಳೆ ಎಂದರೆ ಇವನು ತಾಡಪತ್ರಿ ಎತ್ತುತ್ತಾನೆ. ಮಳೆ ಬಂದೇಬಿಟ್ಟರೆ ಬೆಳೆ ಹೋಯಿತು. ಆದರೆ ತನ್ನ ಕಣ್ಣು ಯಾವತ್ತೂ ತಪ್ಪು ಎಂದಮೇಲೆ ಕಂಡ ಮಳೆ ಬರುವುದೇ ಇಲ್ಲ. ಕಂಡದ್ದನ್ನೇ ಹೇಳಿದರೆ ಎಲ್ಲರಿಗೂ ಕ್ಷೇಮ. ಹಾಗೆ ಹೇಳಿದರೆ ತಾನು ಮುಠ್ಠಾಳನೆಂದು ತಾನೇ ಒಪ್ಪಿದಂತೆ. ಕಣ್ಣನ್ನು ನಂಬುವುದಾದರೆ ಸುಳ್ಳು ಹೇಳಬೇಕು. ಸತ್ಯ ಹೇಳುವುದಾದರೆ ಕಣ್ಣನ್ನು ನಂಬಬಾರದು. ಚಹಾಕ್ಕೆ ಕೆನೆ ಕಟ್ಟಿತು. ಯಾವ ರಣರಂಗದಲ್ಲೂ ಯಾವ ವೀರನೂ ಇಷ್ಟು ಬೆವತಿರಲಾರ.

“ಯಾಕ ಗಪ್ಪ ಕುಂತ್ರಿ ಕಾಕಾ? ಏನರ ಒಂದ ಹೇಳ್ರಿ.”

“ಬಿಸಲು,” ಎಂದ ಸಿದ್ದರಾಯ, ಮೋಡಕ್ಕೆ ಬೆನ್ನು ತಿರುಗಿಸಿ. “ಒಂದ ಹನಿ ಬೀಳೂದಿಲ್ಲ.”

ಗೊಲ್ಲಾಳಪ್ಪ ಬೈಕ್ ಹತ್ತುತ್ತಲೇ ಫೋನಿನಲ್ಲಿ, “ಇಳಸೋ, ಎಲ್ಲಾ ಇಳಸೋ” ಎನ್ನುತ್ತ ಹೊರಟ.

ಮಧ್ಯಾಹ್ನದ ತನಕ ಬಿಸಿಲು ಹೆಂಚಿನಂತೆ ಕಾಯಿತು. ಮುಚ್ಚಿದ ಶೆಡ್ಡಿನಲ್ಲಿ ದ್ರಾಕ್ಷಿ ಬೆವರುವುದನ್ನು ನೆನೆದು ಸಿದ್ದರಾಯನೂ ಬೆವತ. ತನ್ನ ಕಣ್ಣು ಇದೊಂದು ಸಲ ಸರಿಯಿರಲಿ ಎಂದು ಕಂಡ ದೇವರಿಗೆಲ್ಲ ಹರಕೆ ಹೊತ್ತ. ಇಳಿಹೊತ್ತಿಗೆ ಧೂಳೆದ್ದಿತು, ಸಿಡಿಲು ಹೊಡೆಯಿತು, ಆಲಿಕಲ್ಲಿನೊಂದಿಗೆ ಮಳೆ ಅಡ್ಡಡ್ಡ ಸುರಿಯಿತು.

ಮಳೆ ನಿಂತ ಮೇಲೆ ಗೊಲ್ಲಾಳಪ್ಪ ತೊಯ್ದ ಅಂಗಿಯಲ್ಲೇ ಚಹಾದಂಗಡಿಗೆ ಬಂದು ಬೊಗಸೆ ತುಂಬ ಒಣದ್ರಾಕ್ಷಿ ಕೊಟ್ಟ. “ಕಾಳ ಒಂದ ತೊಯ್ದಿಲ್ಲ. ನಿಮ್ಮ ಬಾಯಿ ನಮ್ಮನ್ನ ಉಳಿಸ್ತು ಕಾಕಾ.” ಅಂಗಡಿಯಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು.

ಮಳೆ ನನಗೆ ಮೊದಲೇ ಕಂಡಿತ್ತು ಎಂಬ ಮಾತು ಸಿದ್ದರಾಯನ ನಾಲಿಗೆಯ ತುದಿಗೆ ಬಂತು. ಹೇಳಿದರೆ ನಾಳೆಯಿಂದ ತಾಡಪತ್ರಿ ಎತ್ತುವುದೋ ಇಳಿಸುವುದೋ ಯಾರಿಗೂ ತಿಳಿಯದು. ಜೀವಮಾನದಲ್ಲಿ ಸಿಕ್ಕ ಒಂದೇ ವಿಜಯವನ್ನು ಅವನು ದ್ರಾಕ್ಷಿಯೊಂದಿಗೆ ಅಗಿದು ನುಂಗಿದ.

ಬೆಳಗಾಯಿತು. ತೊರವಿಯ ಕಡೆ ಒಂದು ಬೂದು ಮೋಡ ನಿಂತಿತ್ತು. ಸಿದ್ದರಾಯನಿಗೆ ಅದು ಮಳೆಯಂತೆ ಕಂಡಿತು. ಆದರೆ ಕಂಡದ್ದು ನಿನ್ನೆಯ ಸರಿ ಕಣ್ಣಿಗೋ, ಮೊನ್ನೆಯ ತಪ್ಪು ಕಣ್ಣಿಗೋ?

“ಸಂಡಿಗಿ ಹಿಟ್ಟು ಹುಳಿ ಬರಾಕತ್ತೈತ್ರಿ,” ಎಂದಳು ಸಾವಂತ್ರವ್ವ ಮನೆಯೊಳಗಿನಿಂದ. “ಲಗೂನ ಏನರ ಒಂದ ತಪ್ಪ ಹೇಳ್ರಿ.”