ನಮ್ಮತ್ತೆಯ ಅರ್ಧ ಪದ

ನಮ್ಮತ್ತೆಯ ಎರಡು ಕೈಗಳಿಗೆ ಒಂದೇ ಅಳತೆಯ ಬಳೆ ಆಗುತ್ತಿರಲಿಲ್ಲ. ಎಡಗೈಗೆ ಸಲೀಸಾಗಿ ಏರುವ ಗಾಜಿನ ಬಳೆ ಬಲಗೈಯ ಗೆಣ್ಣಿನ ಹತ್ತಿರ ಬಂದು ನಿಂತುಬಿಡುತ್ತಿತ್ತು. ಬಳೆಗಾರನಿಗೆ ಇದು ಗೊತ್ತಿತ್ತು. ಜಗಲಿಯ ಮೇಲೆ ಬಳೆಯ ಮಲಾರ ಇಳಿಸಿದ ಕೂಡಲೇ ಎರಡು ಅಳತೆಯವನ್ನು ಬೇರೆಬೇರೆಯಾಗಿ ತೆಗೆದಿಡುತ್ತಿದ್ದ. ಮದುವೆಯಾಗಿ ಬಂದ ಹೊಸತರಲ್ಲಿ ನಾನು ಕಣ್ಣು ಬಿಟ್ಟುಕೊಂಡು ಆ ಕೈಗಳನ್ನೇ ನೋಡುತ್ತಿದ್ದೆ. ಅತ್ತೆ ಬಲಗೈಯನ್ನು ನನ್ನ ಮುಖದ ಮುಂದೆ ಹಿಡಿದು, “ರಾಗಿಕಲ್ಲು ತಿರುವಿ ತಿರುವಿ ಇಂಗಾಯ್ತು ಕಣಮ್ಮಿ. ಈಗ ಊರಿಗೆ ಮಿಲ್ಲು ಬಂದದೆ, ಕಲ್ಲು ಮೂಲೆ ಸೇರದೆ. ಕೈ ಮಾತ್ರ ಅಂಗೇ ಉಳ್ಕಂತು” ಎಂದರು.

ನಾನು ಮೈಸೂರಿನಲ್ಲಿ ಓದಿ ಬೆಳೆದವಳು. ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ಬೆಳಕವಾಡಿಯ ಪಕ್ಕದ ಹಳ್ಳಿಯೊಂದಕ್ಕೆ, ಗದ್ದೆ ತೋಟ ದನಕರು ಇದ್ದ ತುಂಬಿದ ಮನೆಗೆ, ಸೊಸೆಯಾಗಿ ಬಂದೆ. ನನ್ನ ಗಂಡ ಮಳವಳ್ಳಿಯ ಹೈಸ್ಕೂಲಿನಲ್ಲಿ ಮೇಷ್ಟ್ರು. ಬೆಳಿಗ್ಗೆ ಬಸ್ಸು ಹತ್ತಿದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದರು. ಹಗಲೆಲ್ಲ ನಾನು ಮತ್ತು ಅತ್ತೆ.

ಅತ್ತೆಗೆ ಪ್ರಶ್ನೆ ಕೇಳುವ ಚಟ. “ಅದ್ಯಾಕಂಗೆ?” ಎಂಬುದು ಅವರ ಬಾಯಲ್ಲಿ ಉಸಿರಿನಷ್ಟು ಸಲೀಸು. ಬಸ್ಸಿನ ಕಂಡಕ್ಟರನನ್ನು ನಿಲ್ಲಿಸಿ, “ದಿನಾ ಅವೇ ಊರು ನೋಡಿ ನಿಂಗೆ ಬ್ಯಾಸ್ರ ಆಗಾಕಿಲ್ವಾ?” ಎನ್ನುವರು. ರೇಡಿಯೋದಲ್ಲಿ ಹಾಡು ಬರುತ್ತಿದ್ದರೆ, “ಬೆಳಗಿಂದ ಆಡ್ತಾಳಲ್ಲ ಈ ಎಂಗ್ಸು, ಉಣ್ಣಾಕೆ ಯಾವಾಗ ಓಯ್ತಾಳೆ?” ಎನ್ನುವರು. ಉತ್ತರ ಸಿಗದಿದ್ದರೆ ಅದನ್ನು ಮರೆಯುವ ಜಾತಿಯಲ್ಲ. ಎರಡು ದಿನ ಬಿಟ್ಟು, ಸೊಪ್ಪು ಬಿಡಿಸುತ್ತಾ, ಅದೇ ಪ್ರಶ್ನೆಯನ್ನು ಮತ್ತೆ ಎತ್ತುತ್ತಿದ್ದರು. ನನಗೂ ಅದೇ ಚಟ ಇದ್ದುದರಿಂದ ನಾವಿಬ್ಬರೂ ಬೇಗ ಹೊಂದಿಕೊಂಡೆವು ಎಂದು ಈಗ ಅನ್ನಿಸುತ್ತದೆ. ಆಗ ನನಗೆ ಅವರನ್ನು ಕಂಡರೆ ಹೆದರಿಕೆಯೇ ಇತ್ತು.

ಆ ಹೆದರಿಕೆಗೆ ಕಾರಣವೂ ಒದಗಿತು. ಕಾಲೇಜಿನಲ್ಲಿ ನಾವು ನಾಲ್ವರು ಟೆನಿಕಾಯ್ಟ್ ಆಡುತ್ತಿದ್ದೆವು. ರಬ್ಬರಿನ ರಿಂಗನ್ನು ನೆಟ್ಟಿನ ಮೇಲಿಂದ ಎಸೆದು ಹಿಡಿಯುವ ಆಟ. ಸಂಜೆ ಆಟ ಮುಗಿದರೆ ಹಾಸ್ಟೆಲ್ಲಿನ ಮೆಟ್ಟಿಲ ಮೇಲೆ ಕೂತು ಹಾಡು. ಉಳಿದ ಮೂವರೂ ಈಗ ಮೈಸೂರಿನಲ್ಲೇ ಕೆಲಸದಲ್ಲಿದ್ದರು. ‘ಶನಿವಾರ ಬರುತ್ತೇವೆ, ಭಾನುವಾರ ಸಂಜೆ ಹೊರಡುತ್ತೇವೆ, ರಿಂಗ್ ತರುತ್ತೇವೆ, ನೀನು ಗಂಟಲು ಸರಿಮಾಡಿಕೊಂಡಿರು’ ಎಂದು ಕಾರ್ಡು ಬಂತು. ಮದುವೆಯಾದ ಹುಡುಗಿಯರ ಸ್ನೇಹ ಒಂದೆರಡು ದೀಪಾವಳಿಯ ಶುಭಾಶಯದಲ್ಲಿ ಮುಗಿದುಹೋಗುವುದನ್ನು ನಾನು ಬೇಕಾದಷ್ಟು ನೋಡಿದ್ದೆ. ಈ ಸಲ ಬೇಡ ಎಂದು ಬರೆದರೆ ಅವರು ಮತ್ತೆ ಕೇಳುವುದಿಲ್ಲ, ನಾನೂ ಕರೆಯುವುದಿಲ್ಲ, ಅಲ್ಲಿಗೆ ಮುಗಿಯಿತು. ಧೈರ್ಯಮಾಡಿ ಅತ್ತೆಯ ಹತ್ತಿರ ಬಾಯಿಬಿಟ್ಟೆ.

“ಏನಾಗ್ಬೇಕು ಅವ್ರು ನಿಂಗೆ?”

“ಸ್ನೇಹಿತೆಯರು ಅತ್ತೆ.”

“ಅದು ಗೊತ್ತಾಯ್ತು. ಏನಾಗ್ಬೇಕು?”

ಆ ಮನೆಯ ಲೆಕ್ಕದಲ್ಲಿ ಬಂದವರು ಬೀಗರೋ, ನಾದಿನಿಯೋ, ದೊಡ್ಡಮ್ಮನ ಮಗಳೋ ಏನಾದರೊಂದು ಆಗಲೇಬೇಕಿತ್ತು. ಅದರ ಮೇಲೆ ಅಡುಗೆ. ಬೀಗರಾದರೆ ಬಾಡೂಟ, ಸಾವಿನ ಮನೆಯಿಂದ ಬಂದವರಾದರೆ ಒಗ್ಗರಣೆಯಿಲ್ಲದ ಸಾರು. ಏನೂ ಆಗದವರಿಗೆ ಏನು ಬೇಯಿಸುವುದು? ಅತ್ತೆ ಒಂದು ಹಗಲೆಲ್ಲ ಇದನ್ನೇ ತಲೆಗೆ ಹಚ್ಚಿಕೊಂಡು ಓಡಾಡಿದರು. ಸಂಜೆ ಹಸುವಿಗೆ ಹುಲ್ಲು ಹಾಕಿ ಬಂದು, “ತವ್ರಿಗೆ ಬಂದ ಎಣ್ಣುಮಕ್ಳು ಅಂತ ಇಟ್ಕಳಾವ. ಒಬ್ಬಟ್ಟು ಮಾಡಾವ” ಎಂದು ತೀರ್ಮಾನ ಕೊಟ್ಟರು. ಮೂವರಲ್ಲಿ ಒಬ್ಬಳು ಮೈಸೂರಿನ ಅಗ್ರಹಾರದವಳು, ನಮ್ಮ ತಂಡದ ಕ್ಯಾಪ್ಟನ್. ಅವಳ ಊಟದ ಚಿಂತೆಯೂ ಹಾಗೆ ತೀರಿತು.

ಮಾವನವರು ಗೊಣಗಿದರು. “ಮದ್ವೆಯಾದೋಳು ಕಣದಾಗೆ ಎಗರಾಡಿದ್ರೆ ಊರೋರು ಏನಂದಾರು?”

“ಏನಂದಾರು ಅಂತ ನಂಗೂ ನೋಡ್ಬೇಕು. ಬರ್ಲಿ ಬುಡಿ” ಎಂದರು ಅತ್ತೆ.

ಶನಿವಾರ ಮಧ್ಯಾಹ್ನ ಕಣದಲ್ಲಿ, ಹುಲ್ಲಿನ ಮೆದೆಯ ಕಂಬಕ್ಕೂ ಎತ್ತಿನ ಗಾಡಿಗೂ ಹಗ್ಗ ಕಟ್ಟಿ ಆಟ ಶುರುಮಾಡಿದೆವು. ಸೆರಗು ಸೊಂಟಕ್ಕೆ ಸಿಕ್ಕಿಸಿ ನಾನು ಎಷ್ಟು ದಿನಗಳ ಮೇಲೆ ಓಡಿದೆನೋ! ಅತ್ತೆ ಒರಳುಕಲ್ಲಿನ ಮೇಲೆ ಕೂತು ಮೊದಲು ನಿಯಮ ಕೇಳಿದರು. ಒಂದು ಕೈಯಲ್ಲೇ ಯಾಕೆ ಹಿಡಿಯಬೇಕು, ಹಿಡಿದವರು ನಿಂತು ಯೋಚನೆಮಾಡಬಾರದು ಯಾಕೆ ಎಂದೆಲ್ಲ ಕೇಳಿ ತಿಳಿದುಕೊಂಡು, ಆಮೇಲೆ ಕೂಗಲು ಶುರುಮಾಡಿದರು. ಕ್ಯಾಪ್ಟನ್ ರಿಂಗು ಹಿಡಿದ ಕೂಡಲೇ “ಬುಡು! ಬುಡು!” ಎಂದು ಅರಚಿದರು. ಅವಳು ಬಿಟ್ಟೇಬಿಟ್ಟಳು. ರಿಂಗು ಅವಳ ಕಾಲ ಬುಡದಲ್ಲಿ ಬಿತ್ತು.

“ಅಯ್ಯೋ, ಬುಡು ಅಂದ್ರೆ ಬೀಸಿ ಬುಡು ಅಂತ ಕಣವ್ವ!”

ಪಾಪ, ಅವಳು ಕಲಿತುಕೊಂಡಳು. ಮುಂದಿನ ಸಲ ನಾನು ಎಸೆದ ರಿಂಗು ಅವಳ ತಲೆ ದಾಟಿ ಗೆರೆಯಾಚೆ ಹೊರಟಿತ್ತು. ಅತ್ತೆ ಮತ್ತೆ “ಬುಡು!” ಎಂದರು. ಅವಳು ಎಗರಿ ಹಿಡಿದು, ಕೂಗಿದ ಬಿರುಸಿಗೆ ತಕ್ಕಂತೆ ಬೀಸಿ ಬಿಟ್ಟಳು. ಅದು ತಿಪ್ಪೆಗೆ ಹೋಯಿತು. ಈ ಸಲದ ಬುಡು ಸುಮ್ಮನೆ ಬಿಟ್ಟುಬಿಡು ಎಂಬ ಬುಡು. “ಹಾಗಾದರೆ ಯಾವ ಬುಡು ಯಾವುದು ಅಂತ ಹೇಗೆ ಗೊತ್ತಾಗಬೇಕಮ್ಮ?” ಎಂದು ಕ್ಯಾಪ್ಟನ್ ಸೊಂಟದ ಮೇಲೆ ಕೈಯಿಟ್ಟು ಜಗಳಕ್ಕೆ ನಿಂತಳು. ಅತ್ತೆ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡರು. ಬೇಲಿಯಾಚೆ ನಿಂತು ನೋಡುತ್ತಿದ್ದ ಹೆಂಗಸರೂ ನಕ್ಕರು. ಊರವರು ಏನಂದರೋ ನನಗಂತೂ ಕೇಳಿಸಲಿಲ್ಲ.

ದೀಪ ಹಚ್ಚಿದ ಮೇಲೆ ನಡುಮನೆಯಲ್ಲಿ ಹಾಡು. ಒಬ್ಬಳು ಹಿತ್ತಾಳೆಯ ಕೊಡದ ಮೇಲೆ ತಾಳ ಹಾಕಿದಳು, ಉಳಿದವರು ಸರದಿಯ ಮೇಲೆ ಹಾಡಿದೆವು. ಕೊನೆಗೆ ಎಲ್ಲರೂ ಅತ್ತೆಯನ್ನು ಹಿಡಿದುಕೊಂಡೆವು.

“ನಂಗೆ ಬತ್ತದೆ. ಆದ್ರೆ ಕಲ್ಲು ತಿರುಗ್ದೆ ಪದ ಬರಾಕಿಲ್ಲ” ಎಂದರು ಅತ್ತೆ.

ಅಷ್ಟು ಸಾಕಾಯಿತು. ಮೂಲೆಯಲ್ಲಿ ಗೋಣಿಚೀಲಗಳ ಕೆಳಗಿದ್ದ ರಾಗಿಕಲ್ಲನ್ನು ಎಳೆದು ತೊಳೆದು ಒರೆಸಿದೆವು. ಅತ್ತೆ ಒಂದು ಕಡೆ, ಎದುರಿಗೆ ಕ್ಯಾಪ್ಟನ್, ಗೂಟದ ಮೇಲೆ ಇಬ್ಬರ ಕೈ. ಒಂದು ಹಿಡಿ ರಾಗಿ ಬಿತ್ತು. ಕಲ್ಲು ಗರಗರ ಎಂದಿತು. ಅತ್ತೆಯ ಬಾಯಿಂದ, ಮಾತಾಡುವ ದನಿಗಿಂತ ಎಷ್ಟೋ ಸಣ್ಣದಾದ ದನಿಯೊಂದು ಹೊರಟಿತು.

“ಸಂತೇಗೋದಣ್ಣಯ್ಯ ನಂಗೇನ ತಂದಾನು?”

ಆಮೇಲೆ ಸುಮ್ಮನಾದರು. ಕಲ್ಲು ಒಂದು ಸುತ್ತು, ಎರಡು ಸುತ್ತು ತಿರುಗಿತು.

“ಅದ ಕಂಡು ಅತ್ತಿಗೆ ಮೊಕ ಊದಿ ಕುಂತಾಳು!”

ಮತ್ತೆ ಸುಮ್ಮನೆ. ಉಸಿರು ತೆಗೆದುಕೊಳ್ಳುತ್ತಿದ್ದಾರೆ ಎಂದುಕೊಂಡೆವು. ಹೀಗೆಯೇ ಎಷ್ಟೋ ಸಾಲು ನಡೆಯಿತು. ಅಣ್ಣ ತಂದದ್ದನ್ನು ಗೋಡೆಗೆ ನೇತುಹಾಕಿದ್ದಾಯಿತು, ಅತ್ತಿಗೆ ಅದನ್ನು ಕದ್ದು ನೋಡಿದ್ದಾಯಿತು. ಏನು ತಂದ ಎಂಬುದು ಮಾತ್ರ ಬರಲೇ ಇಲ್ಲ.

ಕ್ಯಾಪ್ಟನ್ ಕಲ್ಲು ನಿಲ್ಲಿಸಿದಳು. “ಏನು ತಂದನಮ್ಮ ಅಣ್ಣ? ಸೀರೆಯಾ? ಜಡೆಕುಚ್ಚಾ?”

“ಅದು ಅವಳ್ದು ಕಣವ್ವ. ನಡುವಿನ ಸಾಲೆಲ್ಲ ಅವಳ್ವು. ನಾನ್ಯಾಕೆ ಅವಳವ ಕಲೀಲಿ?”

ಯಾರವಳು ಎಂದು ನಾಲ್ವರೂ ಒಟ್ಟಿಗೆ ಕೇಳಿದೆವು. ಅತ್ತೆ ಹಿಟ್ಟು ಬಳಿಯುತ್ತಾ ಹೇಳಿದರು. ತವರಿನಲ್ಲಿ ಪಕ್ಕದ ಮನೆಯ ಹುಡುಗಿ. ದಿನಾ ಕೋಳಿ ಕೂಗುವ ಹೊತ್ತಿಗೆ ಇಬ್ಬರೂ ಒಂದೇ ಕಲ್ಲಿಗೆ ಕೂರುತ್ತಿದ್ದರು, ಒಂದು ದಿನ ಅವರ ಮನೆಯ ರಾಗಿ, ಒಂದು ದಿನ ಇವರ ಮನೆಯದು. ಆಮೇಲೆ ಅವಳನ್ನು ಗೆಜ್ಜಲಗೆರೆಗೆ ಕೊಟ್ಟರು, ಇವರನ್ನು ಇಲ್ಲಿಗೆ. ಮೂವತ್ತು ವರ್ಷವಾಗಿತ್ತು, ಮುಖ ನೋಡಿರಲಿಲ್ಲ.

“ಗೆಜ್ಜಲಗೆರೆ ಇಲ್ಲೇ ಇದೆಯಲ್ಲಮ್ಮ, ಮದ್ದೂರಿನ ಹತ್ತಿರ!”

“ಯಾವ ಕಾರ್ಯ ಅಂತ ಓಗ್ಲಿ? ಅವ್ರಿಗೂ ನಮ್ಗೂ ಕೊಟ್ಟು ತಂದಿಲ್ಲ.”

ಹೆಣ್ಣು ಕೊಡದ, ತರದ ಮನೆಗೆ ಹೋಗಲು ದಾರಿಯಿಲ್ಲ ಎಂಬುದನ್ನು ಅತ್ತೆ ಎಷ್ಟು ತಣ್ಣಗೆ ಹೇಳಿದರೆಂದರೆ ನನಗೆ ಸಂಕಟವಾಯಿತು. ಕ್ಯಾಪ್ಟನ್ನಿಗೆ ಸುಮ್ಮನಿರುವ ಅಭ್ಯಾಸವಿಲ್ಲ. “ನಾವು ಯಾವ ಕಾರ್ಯಕ್ಕೆ ಬಂದಿದ್ದೀವಮ್ಮ?” ಎಂದಳು.

ಭಾನುವಾರ ಸಂಜೆ ಮೂವರೂ ಬಸ್ಸು ಹತ್ತುವವರೆಗೂ ಅತ್ತೆ, ಎಂದೂ ಇಲ್ಲದಂತೆ, ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಒಂದು ವಾರ ಕಳೆದಿರಬೇಕು. ನನ್ನ ತಲೆ ಬಾಚುತ್ತಿದ್ದವರು ಇದ್ದಕ್ಕಿದ್ದಂತೆ, “ಗೆಜ್ಜಲಗೆರೆಗೆ ಬಸ್ಸು ಎಷ್ಟೊತ್ಗೆ?” ಎಂದರು. ಮಾರನೆಯ ಬೆಳಿಗ್ಗೆ ಚೀಲದಲ್ಲಿ ಒಂದು ಸೇರು ರಾಗಿ ಕಟ್ಟಿಕೊಂಡು ಹೊರಟೇಬಿಟ್ಟರು, ಜೊತೆಗೆ ನಾನು. ಮಾವನವರು ಜಗಲಿಯಿಂದ, “ಎಲ್ಲಿಗೆ? ಯಾಕೆ?” ಎಂದರೆ, “ರಿಂಗಾಡಾಕೆ” ಎಂದು ತಿರುಗಿಯೂ ನೋಡದೆ ನಡೆದರು.

ಮಳವಳ್ಳಿಯಲ್ಲಿ ಬಸ್ಸು ಬದಲಿಸಿದೆವು. ದಾರಿಯಲ್ಲಿ ದೊಡ್ಡಿ ಎಂಬ ಊರಿನ ಹತ್ತಿರ ಕಬ್ಬಿನ ಗಾಡಿಗಳ ಸಾಲಿನ ಹಿಂದೆ ಬಸ್ಸು ತೆವಳುತ್ತಿದ್ದಾಗ ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಕೂತಿದ್ದರು. “ಬದುಕವ್ಳೋ ಇಲ್ವೋ ಅದೂ ಗೊತ್ತಿಲ್ಲ ಕಣಮ್ಮಿ” ಎಂದರು. ಅದನ್ನು ನಾನೂ ಯೋಚಿಸಿದ್ದೆ, ಹೇಳಿರಲಿಲ್ಲ.

ಬದುಕಿದ್ದರು. ಹೆದ್ದಾರಿಯ ಚಹಾದಂಗಡಿಯಲ್ಲಿ ಕೇಳಿಕೊಂಡು ಹೋದರೆ, ಜಗಲಿಯ ಮೇಲೆ ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದರು, ಅತ್ತೆಗಿಂತ ಒಂದು ಮೊಳ ಉದ್ದದ ಹೆಂಗಸು.

“ಯಾರವ್ವ?”

“ನಾನು ಕಣ್ಲೇ.”

ಅವರು ಕಣ್ಣು ಕಿರಿದುಮಾಡಿ ನೋಡಿದರು. “ಅಯ್ಯೋ ನಿನ್ ಮನೆ ಕಾಯೋಗ! ಬಾಯಾಗಿನ ಅಲ್ಲೆಲ್ಲ ಎಲ್ಲಿಗೋದೋ?”

“ನಿನ್ ಕಣ್ಣು ಓಗವಲ್ಲ, ಅಲ್ಲಿಗೇ.”

ಒಳಗಿಂದ ಅವರ ಮಗ ಗಾಬರಿಯಾಗಿ ಬಂದ. “ಏನವ್ವ, ಯಾರಾರ ತೀರ್ಕಂಡ್ರಾ?” ಎಂದ. ಗುರುತಿಲ್ಲದವರು ಹೇಳದೆ ಕೇಳದೆ ಬಂದರೆ ಅದೇ ತಾನೆ ಅರ್ಥ.

“ಯಾರೂ ಇಲ್ಲ ಕಣಪ್ಪ. ಸುಮ್ಕೆ ಬಂದೋ” ಎಂದರು ಅತ್ತೆ. ಅವನು “ಸುಮ್ಕೆ?” ಎಂದು ಎರಡು ಸಲ ಕೇಳಿದ.

ಊಟವಾದ ಮೇಲೆ ನನಗೆ ತಡೆಯಲಾಗಲಿಲ್ಲ. ಅಣ್ಣ ಸಂತೆಯಿಂದ ಏನು ತಂದ ಎಂದು ಕೇಳಿಯೇಬಿಟ್ಟೆ. ಅವರು, “ಯಾವ ಅಣ್ಣ?” ಎಂದರು.

ಮರೆತುಹೋಗಿತ್ತು. ಒಂದು ಸಾಲೂ ನೆನಪಿರಲಿಲ್ಲ. ಅವರ ಮನೆಯ ಕಲ್ಲನ್ನು ಯಾವಾಗಲೋ ಮೆಟ್ಟಿಲಿಗೆ ಹಾಕಿದ್ದರು. ಅತ್ತೆ ಮಡಿಲಲ್ಲಿ ಆ ರಾಗಿಯ ಚೀಲ ಇಟ್ಟುಕೊಂಡು ಕೂತಿದ್ದರು. ಮೂವತ್ತು ವರ್ಷ ಅವಳ ಸಾಲಿಗೆ ಜಾಗ ಬಿಟ್ಟು ಹಾಡಿಕೊಂಡವರ ಮುಖ ನೋಡಲು ನನಗೆ ಆಗಲಿಲ್ಲ. ಯಾಕಾದರೂ ಕೇಳಿದೆನೋ ಎಂದು ನಾಲಿಗೆ ಕಚ್ಚಿಕೊಂಡೆ.

“ನೀನು ಅನ್ನು ನೋಡಾನ” ಎಂದರು ಗೆಳತಿ.

ಅತ್ತೆ ಬರಿಯ ನೆಲದ ಮೇಲೆ ಕೈ ತಿರುವುತ್ತಾ, ಕಲ್ಲಿಲ್ಲದೆಯೇ, ಮೊದಲ ಸಾಲು ಹಾಡಿದರು. “ಸಂತೇಗೋದಣ್ಣಯ್ಯ ನಂಗೇನ ತಂದಾನು?”

ಗೆಳತಿ ಒಂದು ಗಳಿಗೆ ಸೂರು ನೋಡಿದರು. ಆಮೇಲೆ ಅದೇ ರಾಗದಲ್ಲಿ, ಒಡಕು ದನಿಯಲ್ಲಿ, “ಗೆಜ್ಜಲಗೆರೆ ಗಂಟ ಬಸ್ಸಿನ ಚೀಟಿ ತಂದಾನು!” ಎಂದರು.

“ಅದ ಕಂಡು ಅತ್ತಿಗೆ ಮೊಕ ಊದಿ ಕುಂತಾಳು” ಎನ್ನುವಷ್ಟರಲ್ಲಿ ಅತ್ತೆಗೆ ನಗು ತಡೆಯಲಾಗದೆ ಸಾಲು ಮುರಿಯಿತು. ಆಮೇಲೆ ಇಬ್ಬರೂ ಮಿಲ್ಲಿನವನನ್ನು, ಗಂಡಂದಿರನ್ನು, ಎದುರಿಗೇ ಕೂತಿದ್ದ ಅವರ ಸೊಸೆಯನ್ನೂ ನನ್ನನ್ನೂ ಬಿಡದೆ ಸಾಲು ಕಟ್ಟಿದರು. ಹಳೆಯ ಪದದಲ್ಲಿ ಅಣ್ಣ ಏನು ತಂದಿದ್ದನೋ ನನಗೆ ಇವತ್ತಿಗೂ ಗೊತ್ತಿಲ್ಲ. ಅತ್ತೆ ಅದನ್ನು ಮತ್ತೆ ಯಾರನ್ನೂ ಕೇಳಲಿಲ್ಲ.

ಅದಾದ ಮೇಲೆ ಪ್ರತಿ ವರ್ಷ ಸುಗ್ಗಿ ಮುಗಿದ ಮೇಲೆ ಒಂದು ಶನಿವಾರ, ಭಾನುವಾರ ನಮ್ಮ ಮನೆಯಲ್ಲಿ ಆಟ, ಹಾಡು. ಮೈಸೂರಿನಿಂದ ಮೂವರು, ಗೆಜ್ಜಲಗೆರೆಯಿಂದ ಒಬ್ಬರು. ಮೊದಮೊದಲು ಜಗಲಿ ಬಿಟ್ಟು ಏಳದಿದ್ದ ಮಾವನವರು ಬರಬರುತ್ತಾ ಕಣಕ್ಕೆ ತಾವೇ ನೀರು ಚಿಮುಕಿಸಿ, ಗೆರೆ ಎಳೆದುಕೊಡುತ್ತಿದ್ದರು.

ದಶಕ ಮುಗಿಯುವ ಮೊದಲೇ ಅತ್ತೆ ಹೋದರು. ಎರಡು ದಿನದ ಜ್ವರ, ಅಷ್ಟೇ. ನಾನು ಆಗ ಏಳು ತಿಂಗಳ ಬಸುರಿ. ಅಂಗಳದ ತುಂಬ ನೆಂಟರು. ಗೆಜ್ಜಲಗೆರೆಯ ಗೆಳತಿ ಬಂದು ಅತ್ತೆಯ ಪಾದದ ಹತ್ತಿರ ಕೂತವರು ಏಳಲಿಲ್ಲ. ಬಂದವರೆಲ್ಲ ನನ್ನ ನಾದಿನಿಯರನ್ನು ತಬ್ಬಿಕೊಂಡು ಅತ್ತರು, ನನ್ನ ಗಂಡನ ಬೆನ್ನು ಸವರಿದರು. ಸೊಸೆ ಅತ್ತೆಗಾಗಿ ಅತ್ತರೆ ಯಾರು ನಂಬುತ್ತಾರೆ? ನಾನು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದೆ. ಅಷ್ಟರಲ್ಲಿ ಕ್ಯಾಪ್ಟನ್ ಜನರನ್ನು ಸರಿಸಿಕೊಂಡು ಒಳಗೆ ಬಂದಳು, ಹಿಂದೆ ಉಳಿದ ಇಬ್ಬರು. ಮೂವರೂ ನನ್ನನ್ನು ಹಿಡಿದುಕೊಂಡರು. ನಾನು ಆಗ ಅತ್ತುಬಿಟ್ಟೆ, ಬಾಯಿಬಿಟ್ಟು, ಯಾರು ಏನೆಂದುಕೊಂಡರೂ ಸರಿ ಎಂದು.

ಅವರಿಗೆ ನಾನು ಹೇಳಿಕಳಿಸಿರಲಿಲ್ಲ. ನನ್ನ ಗಂಡನಿಗೂ ಆ ದುಃಖದಲ್ಲಿ ನೆನಪಾಗಿರಲಿಲ್ಲ. ಎಲ್ಲ ಮುಗಿದು ಜನ ಚದುರಿದ ಮೇಲೆ ಮಾವನವರನ್ನು ಕೇಳಿದೆ. ಅವರು ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡರು.

“ನಾನೇ ಬೆಳಗ್ಗೆ ಮೈಸೂರಿಗೆ ಆಳು ಕಳಿಸ್ದೆ ಕಣಮ್ಮ. ನಿಮ್ಮತ್ತೆ ಮೊನ್ನೆ ಜ್ವರದಾಗೆ ಯೋಳಿದ್ಲು. ‘ನಾನು ಓದ್ರೆ ಬರೋರೆಲ್ಲ ನನ್ನ ಕಡೆಯೋರು. ಆ ಮೂರು ಉಡ್ಗೀರ್ನ ಮರೀದೆ ಕರ್ಸಿ. ಸೊಸೆ ಕಡೆಗೂ ಯಾರಾರ ಇರ್ಬೇಕಲ್ಲ’ ಅಂತ.”